ಸುದ್ದಿ ಹಾಳೆ ಇನ್ನು ಮೂರು ತಿಂಗಳಿಗೊಮ್ಮೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ, ಚಂದಾದಾರರಿಗೆ ನಮಸ್ಕಾರ.

ಮೈಸೂರಿನ ನಮ್ಮ ಬೈಂಡಿಂಗ್ ಮತ್ತು ಡಿ.ಟಿ.ಪಿ. ಸಹಕಾರ ಸಂಘದಿಂದ ಪ್ರತಿ ತಿಂಗಳು ನಿಮಗೆ ಬರುತ್ತಿದ್ದ ಎಂಟು ಪುಟದ ಸುದ್ದಿ ಹಾಳೆ ಈ ಜುಲೈನಿಂದ ಮೂರು ತಿಂಗಳಿಗೊಮ್ಮೆ ಬರುತ್ತದೆ. ಪುಟ 32 ಆಗುತ್ತದೆ. ಅಭಿನಂದನೆ ಜಾಹೀರಾತು ಇರುವುದಿಲ್ಲ. ಶಾಲು, ಹಾರದ ಫೋಟೊಗಳೂ ಇರುವುದಿಲ್ಲ. ವರ್ಷದ ಚಂದಾ ಮೊದಲಿನಂತೆ 180 ರೂಪಾಯಿಯೇ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹಾಳೆಯ ಜೊತೆ ಕಳಿಸಬಹುದಿತ್ತು. ಆದರೆ ನಿಮ್ಮಲ್ಲಿ ಎಷ್ಟೋ ಜನ ಇದನ್ನು ಮೊದಲ ಸಂಚಿಕೆಯಿಂದ ಜೋಡಿಸಿಟ್ಟುಕೊಂಡಿದ್ದೀರಿ. ವರ್ಷಕ್ಕೊಮ್ಮೆ ತಂದು ನಮ್ಮಲ್ಲೇ ಬೈಂಡ್ ಮಾಡಿಸುತ್ತೀರಿ. ನಿಮಗೆ ಕಾರಣ ಹೇಳದೆ ಬದಲಾಯಿಸುವುದು ಸರಿಯಲ್ಲ.

ಹಾಳೆ ಶುರುವಾದದ್ದು ನಮ್ಮ ಕೆಲಸದಿಂದಲೇ. ಮಹಾರಾಜ ಕಾಲೇಜು, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಕಲಾ ವಿಭಾಗಗಳು, ಸುತ್ತಮುತ್ತಲ ಕಾಲೇಜುಗಳು, ಹೀಗೆ ಎಲ್ಲ ಕಡೆಯಿಂದ ಪಿಎಚ್.ಡಿ. ಪ್ರಬಂಧಗಳು ನಮ್ಮಲ್ಲಿಗೆ ಬರುತ್ತವೆ. ಟೈಪ್ ಮಾಡುತ್ತೇವೆ, ಪ್ರೂಫ್ ನೋಡುತ್ತೇವೆ, ಹೊಲಿಯುತ್ತೇವೆ, ರಟ್ಟು ಕಟ್ಟುತ್ತೇವೆ, ರೆಕ್ಸಿನ್ ಮೇಲೆ ಚಿನ್ನದ ಅಕ್ಷರ ಒತ್ತುತ್ತೇವೆ. ಯಾರಿಗೆ ಡಾಕ್ಟರೇಟ್ ಬಂತು, ಯಾರು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸಾದರು, ಯಾರಿಗೆ ಚಿನ್ನದ ಪದಕ ಸಿಕ್ಕಿತು ಅನ್ನೋದು ಕೌಂಟರಿನಲ್ಲೇ ಗೊತ್ತಾಗುತ್ತಿತ್ತು. ಅದನ್ನೇ ಅಚ್ಚು ಹಾಕಿ ಹಂಚಿದೆವು. ಜನಕ್ಕೆ ಇಷ್ಟವಾಯಿತು. ಆಮೇಲೆ ಫೋಟೊ ಬಂತು, ಫೋಟೊ ಜೊತೆ ಜಾಹೀರಾತು ಬಂತು. ಎಂಟು ಪುಟದಲ್ಲಿ ಐದು ಪುಟ ಸನ್ಮಾನವೇ ಆಯಿತು.

ಹೋದ ವರ್ಷ ಒಂದು ದಿನ ಮಧ್ಯಾಹ್ನ ಮಂಡ್ಯ ಕಡೆಯ ಒಬ್ಬ ಹಿರಿಯರು ಬಂದರು. ಮಗಳ ಪ್ರಬಂಧದ ಪ್ರತಿಗಳನ್ನು ತೆಗೆದುಕೊಂಡು ಹೋಗಬೇಕಿತ್ತು. ಮಗಳಿಗೆ ಹೆರಿಗೆಯಾಗಿತ್ತು, ಬರುವ ಹಾಗಿರಲಿಲ್ಲ. ಅವರು ಬೆಂಚಿನ ಮೇಲೆ ಕೂತು ಒಂದು ಪ್ರತಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕೈಯನ್ನು ಪಂಚೆಗೆ ಒರೆಸಿಕೊಂಡು ಮಗಳ ಹೆಸರಿನ ಮೇಲೆ ಬೆರಳಾಡಿಸಿದರು. ಚಿನ್ನದ ಅಕ್ಷರ ಇನ್ನೂ ಹೊಸದು, ಬೆರಳಿಗೆ ತಗ್ಗು ಸಿಗುತ್ತದೆ. ನಾವು ಆ ತಿಂಗಳ ಹಾಳೆಯನ್ನೂ ಕೊಟ್ಟೆವು. ಅದರಲ್ಲಿ ಅವರ ಮಗಳ ಫೋಟೊ ಇತ್ತು, ಹೆಸರಿತ್ತು, ಊರಿತ್ತು, ಅಭಿನಂದನೆ ಇತ್ತು. ಅವರು ನೋಡಿ ಖುಷಿಪಟ್ಟರು. ಆಮೇಲೆ ಕೇಳಿದರು:

"ಎಲ್ಲಾ ಸರಿ ಸಾಮಿ, ಇದರೊಳಗೆ ಏನ್ ಬರ್ದವ್ಳೆ?"

ಕೌಂಟರಿನಲ್ಲಿದ್ದ ನನಗೆ ಹೇಳಲು ಬರಲಿಲ್ಲ. ಪ್ರಬಂಧ ಇಂಗ್ಲಿಷಿನಲ್ಲಿತ್ತು. ನಾಲ್ಕು ವರ್ಷ ಆ ಹುಡುಗಿ ನಮ್ಮಲ್ಲಿಗೆ ಓಡಾಡಿದ್ದಾಳೆ. ಎರಡು ಸಲ ಸ್ಪೈರಲ್ ಹಾಕಿದ್ದೇವೆ, ಒಂದು ಸಲ ರಟ್ಟು ಕಟ್ಟಿದ್ದೇವೆ, ಫೋಟೊ ಅಚ್ಚು ಹಾಕಿದ್ದೇವೆ. ಅವಳು ಏನು ಕಂಡುಕೊಂಡಳು ಅಂತ ಒಂದು ಸಲವೂ ಕೇಳಿರಲಿಲ್ಲ.

ಟೈಪ್ ಮಾಡಿದ್ದ ನಮ್ಮ ಸದಸ್ಯೆ ಒಳಗಿನಿಂದ ಎದ್ದು ಬಂದರು. ಅವರಿಗೆ ಗೊತ್ತಿತ್ತು. ಅದು ಬೆಲ್ಲ ಮಾಡುವ ಆಲೆಮನೆಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ. ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ ಒಣಗಿಸುವವರು, ಒಲೆಗೆ ತುಂಬುವವರು, ಅವರ ಕೂಲಿ, ಅವರು ಏಳುವ ಹೊತ್ತು, ಮಕ್ಕಳನ್ನು ಎಲ್ಲಿ ಮಲಗಿಸುತ್ತಾರೆ ಅನ್ನೋದು. ಒಂದೊಂದು ಅಧ್ಯಾಯದ ತಲೆಬರಹವನ್ನು ಕನ್ನಡದಲ್ಲಿ ಹೇಳುತ್ತಾ ಹೋದರು. ಹಿರಿಯರು ಮುಂದಕ್ಕೆ ಬಾಗಿ ಕೇಳಿದರು. ಅವರು ಆಲೆಮನೆಯಲ್ಲೇ ಬೆಳೆದವರು.

"ಅವರ ಹೆಸರೆಲ್ಲಾ ಹಾಕವ್ಳಾ ತಾಯಿ?"

"ಇಲ್ಲ ಯಜಮಾನ್ರೇ. ಹೆಸರು ಹಾಕೋ ಹಾಗಿಲ್ಲ. ಮಾತು ಅವರದ್ದೇ ಹಾಕಿದ್ದಾರೆ."

ಅವರು ಒಂದು ಪುಟ ತೆಗೆಸಿ ಓದಿಸಿಕೊಂಡರು. ಒಂದು ಕಡೆ ತಡೆದು, ಕೊಪ್ಪರಿಗೆ ಇಳಿಸುವ ಹೊತ್ತಿನ ಬಗ್ಗೆ ಏನೋ ಹೇಳಿ, "ಸರಿಯಾಗೇ ಬರ್ದವ್ಳೆ" ಅಂದರು. ಅಷ್ಟು ಹೊತ್ತಿಗೆ ಬಸ್ಸಿನ ಟೈಮಾಯಿತು. ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಮ್ಮ ಸುದ್ದಿ ಹಾಳೆ ಬೆಂಚಿನ ಮೇಲೇ ಉಳಿಯಿತು.

ಅದು ಮರೆತು ಬಿಟ್ಟದ್ದಿರಬಹುದು. ಆದರೂ ಆ ಸಂಜೆ ನಾವು ಹಾಳೆಯನ್ನು ಕೈಗೆತ್ತಿಕೊಂಡು ನೋಡಿದಾಗ, ಬಿಟ್ಟು ಹೋಗುವಂಥದ್ದೇ ಅನ್ನಿಸಿತು. ಸಾಧನೆ ಅಂತ ತಲೆಬರಹ ಕೊಟ್ಟಿದ್ದೆವು. ಸಾಧಿಸಿದ್ದು ಏನು ಅಂತ ಒಂದು ಸಾಲೂ ಇರಲಿಲ್ಲ. ಅದಕ್ಕೂ ಮೊದಲು ಒಮ್ಮೆ ಸಮಾಜಕಾರ್ಯದಲ್ಲಿ ಡಾಕ್ಟರೇಟ್ ಪಡೆದವರೊಬ್ಬರ ಫೋಟೊ ಕೆಳಗೆ ಸಮಾಜಶಾಸ್ತ್ರ ಅಂತ ಹಾಕಿದ್ದೆವು. ಅವರು ಬೇಸರ ಮಾಡಿಕೊಳ್ಳದೆ ಬಂದು ತಿಳಿಸಿದರು, ಮುಂದಿನ ತಿಂಗಳು ತಿದ್ದುಪಡಿ ಹಾಕಿದೆವು. ಒಳಗೆ ಏನಿದೆ ಅಂತ ನೋಡಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ.

ನಮ್ಮೂರಲ್ಲಿ ರಾಧಾಕೃಷ್ಣನ್ ಅವರ ಕಥೆ ಗೊತ್ತಿಲ್ಲದವರಿಲ್ಲ. 1918ರಿಂದ ಮೂರು ವರ್ಷ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಗಾಡಿ ಎಳೆದದ್ದು ಎಲ್ಲರಿಗೂ ನೆನಪಿದೆ. ಹುಡುಗರು ಹಾಗೆ ಎಳೆಯುವಂತೆ ಆ ಮೂರು ವರ್ಷ ಅವರು ಕ್ಲಾಸಿನಲ್ಲಿ ಏನು ಹೇಳಿದರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅದೇ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರದ ಪಾಠ ಮಾಡಿದರು. ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಮಾಡಿದ ಆ ಪಾಠಗಳೇ ಬೆಳೆದು 1932ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಇವತ್ತಿಗೂ ವಿದ್ಯಾರ್ಥಿಗಳು ಅದನ್ನು ಬಿಡದೆ ಓದುತ್ತಾರೆ. ಅವರ ಪುಸ್ತಕ ನಮ್ಮಲ್ಲಿಗೆ ಮರುಬೈಂಡಿಂಗ್‌ಗೆ ಬಂದರೆ ಅಂಚಿನ ತುಂಬ ಪೆನ್ಸಿಲ್ ಗುರುತು ಇರುತ್ತದೆ.

ಕೃಷ್ಣರಾಜ ಬುಲೆವಾರ್ಡಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೋಡಿ. 1891ರಲ್ಲಿ ಶುರುವಾದದ್ದು. ತಂಜಾವೂರು ಕಡೆಯ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆ ಅಂತ 1905ರಲ್ಲಿ ಗುರುತಿಸಿದವರು ಅಲ್ಲಿಯೇ ಕೆಲಸ ಮಾಡುತ್ತಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. ನಮ್ಮ ಹಳೆಯ ಹಾಳೆ ಆಗ ಇದ್ದಿದ್ದರೆ "ಗ್ರಂಥಾಲಯದ ಪಂಡಿತರಿಗೆ ಸನ್ಮಾನ" ಅಂತ ಒಂದು ಫೋಟೊ ಬರುತ್ತಿತ್ತು. ಗರಿಯಲ್ಲಿ ಏನು ಬರೆದಿತ್ತು ಅನ್ನೋದು ಓದುವವರಿಗೆ ಸಿಗುತ್ತಿರಲಿಲ್ಲ.

ನಾವು ಮಾಡಹೊರಟಿರುವುದು ಹೊಸದೇನೂ ಅಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಈಚೆಗೆ ಒಂದು ಕಟ್ಟು ಹಳೆಯ ಪುಸ್ತಿಕೆಗಳನ್ನು ಬೈಂಡಿಂಗ್‌ಗೆ ತಂದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯವು. ಆ ಕಾಲದಲ್ಲಿ ಪ್ರಾಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಜನರಿಗೆ ಹೇಳುತ್ತಿದ್ದರು. ಹೇಳಿದ್ದನ್ನು ಕೈಗೆ ಹಗುರವಾದ ಪುಸ್ತಿಕೆ ಮಾಡಿ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿದ್ದಿತ್ತು. ಮೂಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಪಿನ್ನು ಬಿಡಿಸಿ, ಬೆನ್ನಿಗೆ ತೆಳು ಕಾಗದ ಹಚ್ಚಿ, ಹೊಲಿಯುವುದಕ್ಕೆ ಮೂರು ದಿನ ಹಿಡಿಯಿತು. ಆ ಮೂರು ದಿನ ನಮ್ಮ ಹಿರಿಯ ಬೈಂಡರ್ ಊಟದ ಹೊತ್ತಿನಲ್ಲಿ ಅವನ್ನೇ ಓದಿದರು. ಅವರು ಎಸ್ಸೆಸ್ಸೆಲ್ಸಿ ಓದಿದವರು. "ಎಲ್ಲಾ ಅರ್ಥ ಆಗುತ್ತಲ್ಲಾ ಸಾರ್" ಅಂದರು. ಸಂಘದ ಸಭೆಯಲ್ಲಿ ಈ ಬದಲಾವಣೆಯನ್ನು ಮೊದಲು ಎತ್ತಿದವರು ಅವರೇ.

ಸಭೆಯಲ್ಲಿ ಎಲ್ಲರೂ ಒಪ್ಪಲಿಲ್ಲ, ಅದನ್ನೂ ಹೇಳಬೇಕು. ಜಾಹೀರಾತಿನ ಹಣದಿಂದ ಅರ್ಧದಷ್ಟು ಕಾಗದದ ಖರ್ಚು ಹೊರಡುತ್ತಿತ್ತು. ಫೋಟೊ ಬಂದರೆ ತಂದೆತಾಯಿಗೆ ಸಂತೋಷ, ಅದನ್ನು ಯಾಕೆ ಕಿತ್ತುಕೊಳ್ಳಬೇಕು ಅಂತ ಇಬ್ಬರು ಕೇಳಿದರು. ನ್ಯಾಯವಾದ ಮಾತು. ಅದಕ್ಕೇ ಪ್ರತಿ ಸಂಚಿಕೆಯಲ್ಲಿ ಎರಡು ಪುಟ ಹೆಸರುಗಳಿಗೆ ಇಟ್ಟಿದ್ದೇವೆ. ಪದಕ, ನೆಟ್, ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್, ಡಾಕ್ಟರೇಟ್, ಕೆಲಸಕ್ಕೆ ಸೇರಿದವರು, ಹೀಗೆ ಹೆಸರು, ವಿಷಯ, ಊರು ಬರುತ್ತವೆ. ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ದುಡ್ಡಿದ್ದವರ ಮಕ್ಕಳ ಫೋಟೊ ದೊಡ್ಡದು, ಇಲ್ಲದವರದ್ದು ಒಂದು ಸಾಲು ಅನ್ನೋ ಭೇದ ಇನ್ನು ಇರುವುದಿಲ್ಲ. ಈ ಒಂದು ಕಾರಣಕ್ಕೇ ಬದಲಾವಣೆ ಆಗಬೇಕಿತ್ತು ಅಂತ ನನ್ನ ಸ್ವಂತ ಅಭಿಪ್ರಾಯ.

ಉಳಿದ ಪುಟಗಳಲ್ಲಿ ಕೆಲಸದ ಬಗ್ಗೆಯೇ ಬರಹ. ಒಂದು ಸಂಚಿಕೆಗೆ ಆರೋ ಏಳೋ ಬರಹ ಸಾಕು. ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಜಾನಪದ, ಭಾಷಾವಿಜ್ಞಾನ, ಯಾವುದೇ ಇರಲಿ. ಸಂಶೋಧಕರು ತಾವೇ ಬರೆಯಬಹುದು. ಬರೆಯಲು ಪುರುಸೊತ್ತಿಲ್ಲದಿದ್ದರೆ ಬಂದು ಮಾತಾಡಲಿ, ನಾವು ಬರೆದು ತೋರಿಸುತ್ತೇವೆ. ಅವರ ಒಪ್ಪಿಗೆ ಇಲ್ಲದೆ ಏನೂ ಅಚ್ಚಾಗುವುದಿಲ್ಲ. ವೈವಾ, ಅಂದರೆ ಮೌಖಿಕ ಪರೀಕ್ಷೆ ಮುಗಿಯದ ಪ್ರಬಂಧದ ವಿಷಯ ಮುಟ್ಟುವುದಿಲ್ಲ. ಅಚ್ಚಿಗೆ ಹೋಗುವ ಮೊದಲು ನಮ್ಮ ಬೈಂಡರ್ ಓದುತ್ತಾರೆ. ಅವರಿಗೆ ಅರ್ಥವಾಗದ ವಾಕ್ಯ ವಾಪಸ್ ಹೋಗುತ್ತದೆ. ಪೂರ್ತಿ ಪ್ರಬಂಧ ಬೇಕು ಅನ್ನುವವರಿಗೆ, ಅದು ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಸೇರಿದ್ದರೆ ಅಲ್ಲಿ ಹುಡುಕುವುದು ಹೇಗೆ ಅಂತ ಕೌಂಟರಿನಲ್ಲಿ ತೋರಿಸಿಕೊಡುತ್ತೇವೆ.

"ಆರ್ಟ್ಸ್ ತಗೊಂಡು ಏನ್ ಮಾಡ್ತೀಯಾ" ಅನ್ನೋ ಮಾತನ್ನು ನಮ್ಮ ಬೆಂಚಿನ ಮೇಲೆ ಕೂತ ಮಕ್ಕಳು ಎಷ್ಟು ಸಲ ಹೇಳಿಕೊಂಡಿದ್ದಾರೋ ಲೆಕ್ಕವಿಲ್ಲ. ಮನೆಯಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ಆ ಮಕ್ಕಳ ಪರವಾಗಿ ನಾವು ವಾದ ಮಾಡಬೇಕಾಗಿಲ್ಲ. ಅವರು ಮಾಡಿದ್ದನ್ನು ತೆಗೆದು ತೋರಿಸಿದರೆ ಸಾಕು. ಕನ್ನಡ ಎಂ.ಎ. ಮೈಸೂರಿನಲ್ಲಿ ಶುರುವಾದದ್ದು 1927ರಲ್ಲಿ. ಆ ಮೊದಲ ತಂಡದಲ್ಲಿ ಓದಿದ ಕುವೆಂಪು ಅದೇ ವಿಶ್ವವಿದ್ಯಾನಿಲಯಕ್ಕೆ 1956ರಲ್ಲಿ ಕುಲಪತಿಯಾದರು, ಮಾನಸಗಂಗೋತ್ರಿ ಕಟ್ಟಿದರು. ಇಂಥ ಊರಿನಲ್ಲಿ ಆ ಪ್ರಶ್ನೆ ಕೇಳಿಸಿಕೊಂಡು ಮಕ್ಕಳು ತಲೆ ತಗ್ಗಿಸುವುದು ನೋಡಲಾಗುವುದಿಲ್ಲ.

ಬರಹ ಕಳಿಸುವವರಿಗೆ ಒಂದು ಕೋರಿಕೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವೊತ್ತು ಕೆಡುತ್ತವೆ. ನೀವೇ ತಿರುಗಿಸಬೇಡಿ, ಇದ್ದ ಹಾಗೇ ತನ್ನಿ. ನಮ್ಮಲ್ಲಿ ತಿರುಗಿಸಿ ಅಕ್ಷರ ಅಕ್ಷರ ನೋಡುತ್ತೇವೆ. ಇನ್ನೊಂದು ಮಾತು, ಇದು ಪ್ರಬಂಧ ಬರೆಯುತ್ತಿರುವ ಎಲ್ಲರಿಗೂ. ಒಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡಿ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಇಲ್ಲಿಗೆ ಹತ್ತಿರದ ಹಳ್ಳಿಯಲ್ಲಿದ್ದು ಟಿಪ್ಪಣಿ ಮಾಡಿದ್ದರು. ಬರಹದಲ್ಲಿ ಆ ಹಳ್ಳಿಗೆ ರಾಂಪುರ ಅಂತ ಬೇರೆ ಹೆಸರು ಕೊಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ, ಆ ಟಿಪ್ಪಣಿಗಳನ್ನು ವಿಂಗಡಿಸಿ ಸಿದ್ಧಮಾಡಿಟ್ಟಿದ್ದ ಪ್ರತಿಗಳೆಲ್ಲ ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆದರು, 1976ರಲ್ಲಿ ಪುಸ್ತಕ ಬಂತು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ಪೆನ್‌ಡ್ರೈವ್ ಒಂದನ್ನೇ ನಂಬಿಕೊಂಡು ನಮ್ಮ ಅಂಗಡಿಯಲ್ಲಿ ಕಣ್ಣೀರು ಹಾಕಿದವರನ್ನು ನಾವು ನೋಡಿದ್ದೇವೆ.

ಲೆಕ್ಕದ ವಿಷಯ. ಮೊದಲು ತಿಂಗಳಿಗೆ 15 ರೂಪಾಯಿ, ಈಗ ಸಂಚಿಕೆಗೆ 45. ಅಂಚೆ ಖರ್ಚು ಸೇರಿದೆ. ಈಗಾಗಲೇ ಚಂದಾ ಕಟ್ಟಿದವರು ಜಾಸ್ತಿ ಏನೂ ಕೊಡಬೇಕಾಗಿಲ್ಲ, ಉಳಿದ ತಿಂಗಳುಗಳಿಗೆ ಹೊಸ ಸಂಚಿಕೆ ಬರುತ್ತದೆ. ಬೇಡ ಅನ್ನುವವರು ರಸೀದಿ ತೋರಿಸಿ ಆಗಸ್ಟ್ 31ರೊಳಗೆ ಉಳಿದ ಹಣ ವಾಪಸ್ ತೆಗೆದುಕೊಳ್ಳಬಹುದು. ರಸೀದಿ ಕಳೆದಿದ್ದರೆ ನಮ್ಮ ಪುಸ್ತಕದಲ್ಲಿ ಹೆಸರು ನೋಡಿ ಕೊಡುತ್ತೇವೆ. ಜುಲೈ, ಆಗಸ್ಟಿಗೆ ಅಭಿನಂದನೆ ಜಾಹೀರಾತಿನ ಹಣ ಕೊಟ್ಟವರಿಗೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಬೈಂಡಿಂಗ್, ಡಿ.ಟಿ.ಪಿ. ದರದಲ್ಲಿ ಏನೂ ಬದಲಾವಣೆ ಇಲ್ಲ.

ಮೊದಲ ಸಂಚಿಕೆ ಜುಲೈ 27ಕ್ಕೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದ ದಿನ ಅದು. ಅದರಲ್ಲಿ ಮೊದಲ ಬರಹ ಆಲೆಮನೆಯ ಹೆಂಗಸರ ಬಗ್ಗೆ. ಆ ಹುಡುಗಿ ಒಪ್ಪಿ, ಮಗು ಮಲಗಿದ ಹೊತ್ತಿನಲ್ಲಿ ಕನ್ನಡದಲ್ಲಿ ಬರೆದು ಕಳಿಸಿದ್ದಾಳೆ. ಅವಳ ತಂದೆ ಮುಂದಿನ ಗುರುವಾರ ಬರುತ್ತಾರೆ. ನಮ್ಮ ಟೈಪಿಸ್ಟ್ ಪ್ರೂಫ್ ಓದಿ ಹೇಳುತ್ತಾರೆ, ಕೊಪ್ಪರಿಗೆ, ಪಾಕದ ವಿಷಯದಲ್ಲಿ ತಪ್ಪಿದ್ದರೆ ಅವರು ತಿದ್ದುತ್ತಾರೆ. ನೀವೂ ಆ ಕಡೆಯವರಾದರೆ ಬಂದು ಕೇಳಿ. ಬೆಳಗ್ಗೆ ಹನ್ನೊಂದಕ್ಕೆ ಶುರು ಮಾಡುತ್ತೇವೆ.

ನಿಮ್ಮ,
ಕಾರ್ಯದರ್ಶಿ
ಸಂಘದ ಎಲ್ಲ ಸದಸ್ಯರ ಪರವಾಗಿ, ಮೈಸೂರು