ಇಪ್ಪತ್ತೈದರ ಕಟ್ಟು, ಕೊನೆಯ ಕಂತು

ಕಳೆದ ಸೋಮವಾರ ಕಾಸರಗೋಡು ಜಿಲ್ಲೆಯ ಪೆರ್ಲದ ಬ್ಯಾಂಕಿಗೆ ಹೋಗಿ ನಮ್ಮ ಹಲಸಿನ ಹಪ್ಪಳದ ಸಾಲದ ಕೊನೆಯ ಕಂತು ಕಟ್ಟಿ ಬಂದೆವು. ಸಣ್ಣ ಉದ್ಯಮಕ್ಕೆ ಕೊಡುವ ಮುದ್ರಾ ಯೋಜನೆಯ ಶಿಶು ಸಾಲ, 50,000 ರೂಪಾಯಿ, ನನ್ನೊಬ್ಬಳ ಹೆಸರಿನಲ್ಲಿತ್ತು. ಆದರೂ ಹಪ್ಪಳ ಮಾಡುವ ನಾವು ಐದೂ ಜನ ಹೋದೆವು. ಕೌಂಟರಿನಲ್ಲಿದ್ದ ಹುಡುಗ ನಮ್ಮ ಗುಂಪನ್ನು ನೋಡಿ, ಜಗಳಕ್ಕೆ ಬಂದವರೆಂದು ಗಾಬರಿಯಾದ. ಆ ಹುಡುಗನಿಂದಲೇ ಈ ಕೃತಜ್ಞತೆ ಶುರುವಾಗಲಿ. ರಸೀದಿಗೆ ಎರಡು ಸಲ ಮೊಹರು ಒತ್ತಿಕೊಟ್ಟ.

ನಮ್ಮನ್ನು ತಿಳಿಯದವರಿಗಾಗಿ ಎರಡು ಮಾತು. ನಾನು 22 ವರ್ಷ ಬೀಡಿ ಕಟ್ಟಿದವಳು. 2008ರಲ್ಲಿ ಸಾರ್ವಜನಿಕ ಜಾಗಗಳಲ್ಲಿ ಹೊಗೆ ಬಿಡುವುದು ನಿಂತಿತು, 2017ರಲ್ಲಿ ಬೀಡಿಗೆ ಶೇಕಡಾ 28 ಜಿಎಸ್‌ಟಿ ಬಂತು. ವಾರಕ್ಕೆ ಆರು ದಿನ ಸಿಗುತ್ತಿದ್ದ ಎಲೆ, ಹೊಗೆಸೊಪ್ಪು ನಾಲ್ಕು ದಿನಕ್ಕಿಳಿಯಿತು, ಆಮೇಲೆ ಎರಡು ದಿನಕ್ಕೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ ಗಂಡಸರೂ ಜಗಲಿಯಲ್ಲಿ ಕುಳಿತರು. ನಮಗೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುತ್ತಿದ್ದ ಬೀಡಿ ಬ್ರಾಂಚು ಮತ್ತೆ ತೆರೆದರೂ ಹೆಚ್ಚು ದಿನ ಬಾಳಲಿಲ್ಲ. ಬೀಡಿ ದೇಹಕ್ಕೆ ಕೆಟ್ಟದ್ದು, ಒಪ್ಪುತ್ತೇನೆ. ಆದರೆ ನನ್ನ ಮಗಳ ಕಾಲೇಜಿನ ಫೀಸು ಅದರಿಂದಲೇ ಬಂದದ್ದು. ಪಿ.ಎಫ್. ಇದ್ದ ಕೆಲಸ ಹೋದದ್ದಕ್ಕೆ ಇಂದಿಗೂ ಬೇಸರವಿದೆ.

ಕೇರಳ ಸರಕಾರ 2018ರಲ್ಲೇ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತ್ತು. ನಮ್ಮೂರಿನಲ್ಲಿ ಮಾತ್ರ ಆ ರಾಜಹಣ್ಣು ಮರದ ಬುಡದಲ್ಲಿ ಬಿದ್ದು ದನಕ್ಕೂ ಬೇಡವಾಗಿ ಕೊಳೆಯುತ್ತಿತ್ತು. ಅಯಲ್‌ಕೂಟದ (ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪು) ಸಭೆಯಲ್ಲಿ ಹಪ್ಪಳದ ಮಾತು ಬಂದಾಗ ಕೆಲಸ ಕಳೆದುಕೊಂಡ ಹನ್ನೊಂದು ಮಂದಿ ಇದ್ದೆವು, ಉಳಿದದ್ದು ಐವರು. ಬಿಟ್ಟು ಹೋದವರ ಮೇಲೆ ಸಿಟ್ಟಿಲ್ಲ. ತಿಂಗಳ ಕೊನೆಗೆ ಕೈಗೆ ಹಣ ಬೇಕಾದವರು ಬಿಸಿಲನ್ನು ನಂಬಿ ಕೂರಲಾಗದು.

ಬಿಸಿಲು ಮೊದಲ ವರ್ಷವೇ ಕೈಕೊಟ್ಟಿತು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಬಂತು. ಅಂಗಳದ ಚಾಪೆಗಳನ್ನು ಒಳಗೆ ಎಳೆದು ಅಡುಗೆಮನೆಯಲ್ಲೂ ಮಲಗುವ ಕೋಣೆಯಲ್ಲೂ ಹರಡಿದೆವು. ನಾಲ್ಕನೇ ದಿನ ಹಪ್ಪಳಕ್ಕೆಲ್ಲ ಹಸಿರು ಬೂಸ್ಟು. ಅದನ್ನು ತೋಟದ ಗುಂಡಿಗೆ ಸುರಿಯುವಾಗ ಯಾರೂ ಮಾತಾಡಲಿಲ್ಲ.

ಮೇಲಿನ ತೋಟದ ಮಾವ, ನಿಮ್ಮ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಅಂದು ನಮಗೆ ಸಿಗದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅಡಿಕೆಯೆಲ್ಲ ಚೀಲ ಸೇರಿದ ಮೇಲೆ ಅದು ಹೇಗೂ ಖಾಲಿ ಎಂದಿರಿ. ಬಾಡಿಗೆ ಕೇಳಿದರೆ ವರ್ಷಕ್ಕೆ ಎರಡು ಕಟ್ಟು ಹಪ್ಪಳ ಎಂದಿರಿ. ಪ್ರತಿ ವರ್ಷ ಅದನ್ನು ತಿಂದು ಉಪ್ಪು ಕಡಿಮೆ ಎನ್ನುವುದನ್ನೂ ಬಿಟ್ಟಿಲ್ಲ.

ಬದಿಯಡ್ಕದ ಅಂಗಡಿಯ ಇಕ್ಕನ (ನಮ್ಮ ಕಡೆ ಮುಸ್ಲಿಂ ಅಣ್ಣಂದಿರನ್ನು ಹೀಗೆ ಕರೆಯುತ್ತೇವೆ) ವಿಷಯ ಸ್ವಲ್ಪ ಉದ್ದವಾಗಿ ಹೇಳಬೇಕು. ಮೊದಲ ಸಲ 40 ಕಟ್ಟು ಒಯ್ದಾಗ 18 ಕಟ್ಟನ್ನು ಅಲ್ಲೇ ಬದಿಗಿಟ್ಟರು. ಅಂಚು ದಪ್ಪ, ನಡು ತೆಳು, ಎಣ್ಣೆಗೆ ಬಿಟ್ಟರೆ ಒಂದು ಕಡೆ ಕರಿದು ಇನ್ನೊಂದು ಕಡೆ ಹಸಿ. ಬ್ರಾಂಚಿನಲ್ಲಿ ಬೀಡಿಯನ್ನು ಬೆರಳಿನಲ್ಲಿ ಒತ್ತಿ ನೋಡಿ ಎಸೆಯುತ್ತಿದ್ದ ದಿನಗಳು ನೆನಪಾಗಿ ನನಗೆ ಕಣ್ಣೀರು ಬಂತು. ಆದರೆ ಉಳಿದ 22 ಕಟ್ಟಿನ ಹಣವನ್ನು ಅದೇ ಕ್ಷಣ ಎಣಿಸಿ ಕೊಟ್ಟರು. “ಪಾಪ ಅಂತ ತೆಗೆದುಕೊಂಡರೆ ಒಂದು ಸಲ ತೆಗೆದುಕೊಂಡೇನು ಅಕ್ಕ, ಗಿರಾಕಿ ಎರಡನೇ ಸಲ ಕೇಳಬೇಕಲ್ಲ?” ಎಂದರು. ಪಾಪವೆಂದು ಕೊಂಡವರು ಬೇಕಾದಷ್ಟು ಮಂದಿ ಇದ್ದರು. ಫೋಟೋ ತೆಗೆಸಿಕೊಂಡರು, ಸ್ವಾವಲಂಬನೆಯ ಭಾಷಣ ಮಾಡಿದರು, ಮತ್ತೆ ಬರಲಿಲ್ಲ. ಅವರಿಗೂ ನಮಸ್ಕಾರ. ನಮ್ಮನ್ನು ವ್ಯಾಪಾರಿಗಳೆಂದು ಮೊದಲು ನಡೆಸಿಕೊಂಡದ್ದು ಮಾತ್ರ 18 ಕಟ್ಟು ವಾಪಸು ಮಾಡಿದ ಇಕ್ಕ.

ನಿವೃತ್ತ ಮಾಸ್ತರರೇ, ಅರ್ಜಿಗಳೆಲ್ಲ ಮಲೆಯಾಳದಲ್ಲಿ. ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಮಗಿದೆ, ನಿಜ; ಕಚೇರಿಯ ಬಾಗಿಲಲ್ಲಿ ಹಕ್ಕಿನ ಮಾತಾಡುತ್ತಾ ನಿಂತರೆ ಅಷ್ಟರಲ್ಲಿ ಹಲಸಿನಕಾಯಿ ಹಣ್ಣಾಗುತ್ತದೆ. ನೀವು ಅರ್ಜಿ ತುಂಬಿದಿರಿ, ಜೊತೆಗೆ ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದಿರಿ. ಆಹಾರ ಸುರಕ್ಷತೆಯ ನೋಂದಣಿ ನವೀಕರಿಸುವಾಗ ಆ ಹಾಳೆ ಇಟ್ಟುಕೊಂಡು ನಾನೇ ತುಂಬಿದೆ. ಒಂದೇ ಒಂದು ತಪ್ಪು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲವೆಂದು ತಿಳಿಸಿ ನಮ್ಮ ಹೆದರಿಕೆ ಬಿಡಿಸಿದವರೂ ನೀವೇ.

ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಕೊಟ್ಟವರಿಗೆ, ಜೀಪಿನಲ್ಲಿ ಚಾಪೆ ಸಾಗಿಸಿದವರಿಗೆ, ಮೇಣ ಅಂಟಿದ ಪಾತ್ರೆಗಳನ್ನು ಗೊಣಗದೆ ತೊಳೆದ (ಸ್ವಲ್ಪ ಗೊಣಗಿದ) ನನ್ನ ಗಂಡನಿಗೆ ಧನ್ಯವಾದ. ಜೊತೆಯ ನಾಲ್ವರಿಗೆ ಇಲ್ಲಿ ಏನೂ ಬರೆಯುವುದಿಲ್ಲ, ಓದಿದರೆ ನಗುತ್ತಾರೆ. ಹಪ್ಪಳವನ್ನು ಇಪ್ಪತ್ತೈದರ ಕಟ್ಟು ಮಾಡುವಾಗ ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಬೀಡಿಯ ಕಟ್ಟಿಗೂ ಇಪ್ಪತ್ತೈದೇ ಇದ್ದದ್ದು, ಕೈಗೆ ಗೊತ್ತು.

ಮುಂದಿನ ಬೇಸಿಗೆಗೆ ಕಾಯಿ ಸಾಲದು. ಮನೆಯಲ್ಲಿ ಬಕ್ಕೆ ಹಲಸಿನ (ಗಟ್ಟಿ ತೊಳೆಯದ್ದು) ಮರವಿದ್ದವರು ಕಾಯಿ ಬಲಿತ ಕೂಡಲೇ ಒಂದು ಮಾತು ತಿಳಿಸಿ. ದೋಟಿ, ಹಗ್ಗ ಹಿಡಿದುಕೊಂಡು ನಾವೇ ಬರುತ್ತೇವೆ, ಹಣವನ್ನೂ ಅಲ್ಲೇ ಕೊಡುತ್ತೇವೆ. ಮೆತ್ತನೆಯ ತೊಳೆಯ ತುಳುವೆ ಬೇಡ. ಕಳೆದ ಸಲ ಬಕ್ಕೆಯೆಂದು ಹೇಳಿ ತುಳುವೆ ಕೊಟ್ಟವರು ಯಾರೆಂದು ಅವರಿಗೇ ಗೊತ್ತಿದೆ.