ಧ್ವನಿಯಲ್ಲಿ ಬರೆದ ದಿನಚರಿ: ಕಿರಿಯ ಬರಹಗಾರನಿಗೊಂದು ಪತ್ರ

ಪ್ರೀತಿಯ ತಮ್ಮಾ,

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನೆಚ್ಚಿನ ಲೇಖಕನ ಕಾದಂಬರಿಗಳನ್ನು ಒಂದು ಸಲ ಓದಿ ಕಪಾಟಿಗೆ ಸೇರಿಸುವವರು, ಅವನು ಮಾತಾಡಿ ದಾಖಲಿಸಿದ ಡೈರಿಯನ್ನು ಮಾತ್ರ ಮತ್ತೆ ಮತ್ತೆ ಕೇಳುತ್ತಾರಲ್ಲ, ಯಾಕೆ ಎಂಬುದು ಒಂದು. ಅಂಥದ್ದನ್ನು ನೀನೂ ಶುರುಮಾಡಬೇಕೆಂದರೆ ಎಲ್ಲಿಂದ ಹೊರಡಬೇಕು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಯಾರೂ ಕೇಳುತ್ತಿಲ್ಲ ಎಂದುಕೊಂಡು ಆಡಿದ ಮಾತಿಗೇ ಓದುಗರ ಅಕ್ಕರೆ ಅಂಟಿಕೊಳ್ಳುವುದು. ಮೈಕ್ ಎಲ್ಲಿಡಬೇಕು, ಫೈಲಿಗೆ ಏನು ಹೆಸರು, ಯಾರಿಗೆ ಯಾವಾಗ ಕೇಳಿಸಬೇಕು ಎಂಬುದೆಲ್ಲ ಆ ಮಾತನ್ನು ಕೆಡದಂತೆ ಕಾಯುವ ಕೆಲಸ.

ಇಂಗ್ಲೆಂಡಿನ ನೌಕಾಪಡೆಯ ಆಡಳಿತದಲ್ಲಿದ್ದ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರ ಜನವರಿ 1ರಿಂದ 1669ರ ಮೇ 31ರವರೆಗೆ ಬರೆದ ಡೈರಿಯನ್ನು ನೋಡು. 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರ ಹೊತ್ತಿ ಉರಿಯುತ್ತಿದ್ದಾಗ ಅವನು ತೋಟದಲ್ಲಿ ಗುಂಡಿ ತೋಡಿ ತನ್ನ ವೈನನ್ನೂ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ. ಬೆಂಕಿಯ ಹಾನಿಯ ಲೆಕ್ಕ ಬೇರೆ ಎಷ್ಟೋ ಕಡೆ ಸಿಗುತ್ತದೆ. ಚೀಸ್ ಹೂತ ಸಂಗತಿ ಸಿಗುವುದು ಅವನ ಡೈರಿಯಲ್ಲಿ ಮಾತ್ರ, ಓದಿದವರು ಮರೆಯದೇ ಇರುವುದೂ ಅದನ್ನೇ. ದೊಡ್ಡ ಘಟನೆಯ ಬಗ್ಗೆ ದೊಡ್ಡ ಮಾತು ಆಡಬೇಕೆಂಬ ಆಸೆ ನಿನಗೂ ಬರುತ್ತದೆ. ಆಗ ಅವತ್ತು ಕೈ ಏನು ಮಾಡಿತು, ಕಣ್ಣು ಏನು ಕಂಡಿತು ಎಂಬುದನ್ನು ಮೊದಲು ಹೇಳಿಬಿಡು. ಅಭಿಪ್ರಾಯ ಆಮೇಲೆ ಬಂದರೂ ನಡೆಯುತ್ತದೆ.

ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಅದಕ್ಕಿಂತ ಉದ್ದವಾದರೆ ಮಾತು ವಿಷಯ ಬಿಟ್ಟು ತತ್ತ್ವಕ್ಕೆ ಇಳಿಯುತ್ತದೆ, ಹದಿನೈದು ದಿನಕ್ಕೆ ಉತ್ಸಾಹವೂ ಮುಗಿಯುತ್ತದೆ. ಶುರುವಿನಲ್ಲಿ ದಿನಾಂಕ, ವಾರ, ಹೊತ್ತು, ಕೂತ ಜಾಗ ಹೇಳು. ಆಮೇಲೆ ಅವತ್ತು ಕಂಡ ಒಂದು ವಸ್ತು ಅಥವಾ ಮುಖ. ಕಿವಿಗೆ ಬಿದ್ದ ಒಂದು ಮಾತು, ಆಡಿದವರು ಆಡಿದ ಹಾಗೆಯೇ. ನಂತರ ಬರವಣಿಗೆಯ ಲೆಕ್ಕ: ಎಷ್ಟು ಪುಟ ಆಯಿತು, ಯಾವ ವಾಕ್ಯದಲ್ಲಿ ನಿಂತೆ, ಯಾಕೆ ನಿಂತೆ. ಈ ಕೊನೆಯದನ್ನು ಬಿಡಲೇಬೇಡ. ಲೇಖಕನ ಡೈರಿಯಲ್ಲಿ ಓದುಗರು ಹುಡುಕುವುದು, ತಾವು ಪ್ರೀತಿಸಿದ ಪುಸ್ತಕ ಒಂದು ಕಾಲಕ್ಕೆ ಮುಂದೆ ಹೋಗದೆ ನಿಂತಿತ್ತು ಎಂಬ ಆ ಗಳಿಗೆಯನ್ನು. 'ಇವತ್ತು ಬೇಸರವಾಗಿತ್ತು' ಎಂದರೆ ಹತ್ತು ವರ್ಷದ ನಂತರ ನಿನಗೇ ಅರ್ಥವಾಗುವುದಿಲ್ಲ. 'ಮೂರನೆಯ ಅಧ್ಯಾಯದಲ್ಲಿ ತಾಯಿ ಮನೆ ಬಿಡುವ ಕಾರಣ ಸಿಕ್ಕಲಿಲ್ಲ, ಎರಡು ಪುಟ ಹರಿದೆ' ಎಂದರೆ ಆ ದಿನ ಪೂರ್ತಿ ಎದ್ದು ಬರುತ್ತದೆ.

ಏನೂ ಬರೆಯದ ದಿನವೂ ಮಾತಾಡು. ತಪ್ಪಿಹೋದ ದಿನವನ್ನು ಆವತ್ತೇ ಹೇಳಿದ ಹಾಗೆ ನಂತರ ತುಂಬಬೇಡ. 'ಇವತ್ತು ಗುರುವಾರ, ಸೋಮವಾರದ್ದು ಹೇಳುತ್ತಿದ್ದೇನೆ' ಎಂದು ಒಪ್ಪಿಸಿ ಮುಂದುವರಿ. ಮೂರು ದಿನದಲ್ಲಿ ನೆನಪು ಘಟನೆಯನ್ನು ತನಗೆ ಬೇಕಾದಂತೆ ತಿದ್ದಿರುತ್ತದೆ. ಕೇಳುವವರಿಗೆ ಅದು ತಿಳಿದಿರಬೇಕು.

ಇನ್ನು ಧ್ವನಿ. ಇಲ್ಲಿ ಹೆಚ್ಚಿನವರು ಕೆಡಿಸಿಕೊಳ್ಳುವುದು ಉಪಕರಣದಿಂದಲ್ಲ, ಕೋಣೆಯಿಂದ. ಬರಿಗೋಡೆಯ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ವಾಪಸು ಬಂದು ಮೂಲದೊಂದಿಗೆ ಬೆರೆಯುತ್ತದೆ. ಆ ಪ್ರತಿಧ್ವನಿಯನ್ನು ಆಮೇಲೆ ಪೂರ್ತಿ ತೆಗೆಯಲು ಆಗುವುದಿಲ್ಲ. ಪುಸ್ತಕದ ಕಪಾಟು, ಪರದೆ, ಹಾಸಿಗೆ ಇರುವ ಕೋಣೆ ಹಿಡಿ. ಮೈಕ್ ಬಾಯಿಂದ ಒಂದು ಗೇಣು, ಅಂದರೆ ಸುಮಾರು 15ರಿಂದ 20 ಸೆಂಟಿಮೀಟರ್ ದೂರವಿರಲಿ, ನೇರ ಎದುರಿಗೆ ಬೇಡ, ತುಸು ಪಕ್ಕಕ್ಕೆ. ಎದುರಿಗಿಟ್ಟರೆ ಪ, ಫ, ಭ ಅಕ್ಷರಗಳ ಉಸಿರು ನೇರ ಮೈಕಿಗೆ ಹೊಡೆದು ಗುಡುಗಿದಂತಾಗುತ್ತದೆ. ಫೋನಿನಲ್ಲೇ ರೆಕಾರ್ಡ್ ಮಾಡುವುದಾದರೆ ಮಡಿಸಿದ ಬಟ್ಟೆಯ ಮೇಲಿಡು, ಇಲ್ಲದಿದ್ದರೆ ಮೇಜಿನ ಪ್ರತಿ ತಟ್ಟೂ ಒಳಗೆ ಬರುತ್ತದೆ. ಏರೋಪ್ಲೇನ್ ಮೋಡ್ ಹಾಕು, ನಡುವೆ ಕರೆ ಬಂದರೆ ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ಅಲ್ಲಿಗೇ ನಿಂತುಬಿಡುತ್ತದೆ. ಬ್ಲೂಟೂತ್ ಇಯರ್‌ಫೋನಿನ ಮೈಕ್ ಬಳಸಬೇಡ. ಅದು ಫೋನ್ ಕರೆಯ ಮಟ್ಟಕ್ಕೆ ಧ್ವನಿಯನ್ನು ಕುಗ್ಗಿಸಿ ಕಳಿಸುತ್ತದೆ.

ರೆಕಾರ್ಡ್ ಮಾಡುವಾಗ ಕಾಣುವ ಧ್ವನಿಮಟ್ಟದ ಸೂಚಕದಲ್ಲಿ ನಿನ್ನ ಗಟ್ಟಿ ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಸೊನ್ನೆ ಮುಟ್ಟಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಆ ಒಡಕನ್ನು ಸರಿಪಡಿಸುವುದು ಬಹಳ ಕಷ್ಟ. ತೀರಾ ತಗ್ಗಿಸಿದರೆ ಆಮೇಲೆ ಏರಿಸುವಾಗ ಕೋಣೆಯ ಗದ್ದಲವೂ ಜೊತೆಗೆ ಏರುತ್ತದೆ.

ಫಾರ್ಮ್ಯಾಟಿನಲ್ಲಿ ಜಿಪುಣತನ ಬೇಡ. ಸಂಕುಚಿತಗೊಳಿಸದ ವೇವ್ ಫೈಲ್, ಮೋನೋ (ಒಂದೇ ಚಾನೆಲ್), 48 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ ಧ್ವನಿಯ 48,000 ಮಾದರಿ), 24 ಬಿಟ್ ಇಟ್ಟರೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ಇಡೀ ವರ್ಷಕ್ಕೆ 32 ಜಿಬಿಯೂ ಆಗದು. ಹಳೆಯ ಫೋನುಗಳ ಎಎಂಆರ್ ಫೈಲುಗಳು ಸೆಕೆಂಡಿಗೆ 8000 ಮಾದರಿಗಳನ್ನಷ್ಟೇ ಹಿಡಿಯುತ್ತವೆ, ಆದ್ದರಿಂದ 4000 ಹರ್ಟ್ಸ್‌ಗಿಂತ ಮೇಲಿನದು ಅವುಗಳಲ್ಲಿ ಇರುವುದೇ ಇಲ್ಲ. ಸಕಾರದ ಸೀಟಿಯ ಬಹುಭಾಗ ಇರುವುದು ಅದಕ್ಕಿಂತ ಮೇಲೆ. ಅಂಥ ರೆಕಾರ್ಡಿಂಗಿನಲ್ಲಿ ಸ ಯಾವುದು, ಫ ಯಾವುದು ಎಂದು ಕಿವಿ ಊಹಿಸಬೇಕಾಗುತ್ತದೆ. ಗದ್ದಲ ತೆಗೆಯುವ ಸ್ವಯಂಚಾಲಿತ ಸೌಲಭ್ಯವನ್ನೂ ಆಫ್ ಮಾಡಿಬಿಡು. ಫ್ಯಾನಿನ ಸದ್ದಿನ ಜೊತೆಗೆ ಅದು ನಿನ್ನ ಉಸಿರನ್ನೂ ಹೊರಗಿನ ಮಳೆಯನ್ನೂ ಅಳಿಸುತ್ತದೆ. ಮಾತು ಶುರುಮಾಡುವ ಮುಂಚೆ ಹತ್ತು ಸೆಕೆಂಡು ಸುಮ್ಮನಿರು. ಮುಂದೆ ಯಾರಾದರೂ ಧ್ವನಿ ಶುದ್ಧಿ ಮಾಡಬೇಕಾದಾಗ ಆ ಖಾಲಿ ತುಣುಕೇ ಅವರಿಗೆ ಅಳತೆ.

ತಡವರಿಸಿದ್ದನ್ನು ಅಳಿಸಬೇಡ. 1889ರಲ್ಲಿ ಕವಿ ರಾಬರ್ಟ್ ಬ್ರೌನಿಂಗ್ ಮೇಣದ ಸಿಲಿಂಡರಿನ ಮೇಲೆ ಧ್ವನಿ ಹಿಡಿಯುವ ಎಡಿಸನ್ನನ ಫೋನೋಗ್ರಾಫ್ ಯಂತ್ರದ ಮುಂದೆ ತನ್ನದೇ ಕವಿತೆ ಹೇಳಲು ಹೊರಟು, ನಡುವೆ ಸಾಲು ಮರೆತು, ಕ್ಷಮೆ ಕೇಳಿದ. ಅದೇ ವರ್ಷ ತೀರಿಕೊಂಡ. ಮರುವರ್ಷ ಅಭಿಮಾನಿಗಳು ಸೇರಿ ಆ ಸಿಲಿಂಡರನ್ನು ಕೇಳಿದರು. ಕವಿತೆ ಪುಸ್ತಕದಲ್ಲಿ ಎಲ್ಲರಿಗೂ ಇದ್ದೇ ಇತ್ತು. ಮರೆತ ಸಾಲು, ಪೆಚ್ಚಾದ ದನಿ ಇದ್ದದ್ದು ಅಲ್ಲಿ ಮಾತ್ರ.

ಫೈಲಿನ ಹೆಸರು ವರ್ಷ, ತಿಂಗಳು, ದಿನ, ಹೊತ್ತು ಎಂಬ ಕ್ರಮದಲ್ಲಿರಲಿ: 2025-03-14-0630. ಹಾಗಿಟ್ಟರೆ ಕಂಪ್ಯೂಟರ್ ತಾನಾಗಿ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ದಿನಾಂಕವನ್ನು ಬಾಯಿಬಿಟ್ಟು ಹೇಳು ಎಂದದ್ದೂ ಇದಕ್ಕೇ: ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಫೈಲಿಗೆ ಅಂಟಿದ ದಿನಾಂಕ ಬದಲಾಗಬಹುದು, ನಿನ್ನ ದನಿಯಲ್ಲಿರುವುದು ಬದಲಾಗದು. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ, ಇದು ಬ್ಯಾಕಪ್ಪಿನ ಕನಿಷ್ಠ ನಿಯಮ. ಪೆನ್ ಡ್ರೈವನ್ನು ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿಟ್ಟು ನಂಬಬೇಡ, ವಿದ್ಯುತ್ ಇಲ್ಲದೆ ಅದರ ನೆನಪು ಸೋರುತ್ತದೆ. ವರ್ಷಕ್ಕೊಮ್ಮೆ ಪ್ರತಿಗಳನ್ನು ತೆರೆದು ಅಲ್ಲಲ್ಲಿ ಕೇಳಿ ನೋಡು.

ನಿನ್ನ ಪ್ರೀತಿಯ ಲೇಖಕನ ಹಳೆಯ ಕ್ಯಾಸೆಟ್ಟುಗಳು ಎಂದಾದರೂ ನಿನ್ನ ಕೈಗೆ ಬಂದರೆ, ಕೇಳುವ ಆತುರವನ್ನು ಅರ್ಧ ಗಂಟೆ ತಡೆದುಕೋ. ಮೊದಲು ಕ್ಯಾಸೆಟ್ಟಿನ ಬೆನ್ನಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿ, ಆಮೇಲೆ ತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. 60 ನಿಮಿಷದ ಕ್ಯಾಸೆಟ್ಟಿನ ಟೇಪು ದಪ್ಪ, 120 ನಿಮಿಷದ್ದು ಬಹಳ ತೆಳು. ತೆಳುವಾದದ್ದು ಯಂತ್ರದಲ್ಲಿ ಸುತ್ತಿಕೊಂಡು ಹರಿಯುವುದು ಸುಲಭ, ಅದನ್ನು ಅತ್ತಿತ್ತ ಓಡಿಸಬೇಡ. ನುಡಿಸುವಾಗ ಕೀರಲು ಸದ್ದು ಬಂದರೆ, ಟೇಪನ್ನು ಓದುವ ಹೆಡ್ಡಿನ ಮೇಲೆ ಕಂದು ಪುಡಿ ಅಥವಾ ಅಂಟು ಕಂಡರೆ, ತಕ್ಷಣ ನಿಲ್ಲಿಸು. ಲೇಪನವನ್ನು ಹಿಡಿದಿಟ್ಟಿರುವ ಅಂಟು ತೇವ ಹೀರಿ ಬಿಡುತ್ತಿದೆ ಎಂದು ಅದರ ಅರ್ಥ, ಮುಂದಿನದು ತಜ್ಞರ ಕೆಲಸ. ದನಿ ಮಂಕಾಗಿ ಕೇಳಿಸಿದರೆ ಟೇಪನ್ನೇ ದೂರಬೇಡ, ಹೆಡ್ಡಿನ ಕೋನ ಹೊಂದದೆ ಇರಬಹುದು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಅಗ್ಗದ ರೆಕಾರ್ಡರುಗಳೂ ಇಳಿದ ಬ್ಯಾಟರಿಗಳೂ ಈ ವೇಗ ತಪ್ಪಿಸುತ್ತವೆ, ಆಗ ಪರಿಚಿತ ದನಿ ತೆಳ್ಳಗೋ ಗೊಗ್ಗರಾಗಿಯೋ ಕೇಳುತ್ತದೆ. ಡಿಜಿಟಲ್ ಮಾಡಿದ ಮೇಲೂ ಮೂಲವನ್ನು ಎಸೆಯಬಾರದು.

ಬರಹಕ್ಕಿಳಿಸುವುದು ಎಲ್ಲರೂ ಅಂದಾಜು ತಪ್ಪುವ ಕೆಲಸ. ಒಂದು ಗಂಟೆಯ ಸ್ಪಷ್ಟ ಮಾತಿಗೆ ನಾಲ್ಕರಿಂದ ಆರು ಗಂಟೆ ಬೇಕು, ಧ್ವನಿ ಕೆಟ್ಟಿದ್ದರೆ ಇನ್ನೂ ಹೆಚ್ಚು. ಮೊದಲ ಸುತ್ತಿನಲ್ಲಿ ತೊದಲು, ಅರ್ಧಕ್ಕೆ ಬಿಟ್ಟ ವಾಕ್ಯ ಎಲ್ಲವನ್ನೂ ಇಳಿಸು. ನಿಮಿಷಕ್ಕೊಮ್ಮೆ ಸಮಯ ಗುರುತು ಹಾಕು. ಕೇಳಿಸದ ಕಡೆ ಊಹೆ ತುಂಬಬೇಡ, ಚೌಕ ಕಂಸದಲ್ಲಿ ಕೇಳಿಸುತ್ತಿಲ್ಲ ಎಂದು ಬರೆದು ಸಮಯ ಹಾಕು. ಎರಡನೆಯ ಸುತ್ತಿನಲ್ಲಿ ಧ್ವನಿ ಹಚ್ಚಿಕೊಂಡೇ ತಿದ್ದು. ಓದುಗರ ಪ್ರತಿ ಬೇಕಾದರೆ ಅದು ಮೂರನೆಯದು, ಬೇರೆಯೇ ಫೈಲು. ಮಾತನ್ನು ತಾನಾಗಿ ಬರಹಕ್ಕಿಳಿಸುವ ತಂತ್ರಾಂಶಗಳು ಹೊತ್ತು ಉಳಿಸುತ್ತವೆ, ಆದರೆ ವ್ಯಕ್ತಿ ಮತ್ತು ಊರಿನ ಹೆಸರುಗಳಲ್ಲಿ, ಬೆರಕೆ ಮಾತಿನಲ್ಲಿ ಎಡವುತ್ತವೆ. ಕೆಲವು ಮೌನವಿದ್ದಲ್ಲಿ ಯಾರೂ ಆಡದ ವಾಕ್ಯವನ್ನೇ ಸೇರಿಸುತ್ತವೆ. ವಾಕ್ಯ ಸರಾಗವಾಗಿರುವುದರಿಂದ ಕಣ್ಣಿಗೆ ಈ ತಪ್ಪು ಬೀಳುವುದೇ ಇಲ್ಲ, ಕಿವಿಯೇ ಹಿಡಿಯಬೇಕು. ಮಾತಾಡಿದ ಕನ್ನಡವನ್ನು ಗ್ರಂಥದ ಕನ್ನಡಕ್ಕೆ ಏರಿಸುವ ಚಪಲವನ್ನಂತೂ ಪೂರ್ತಿ ಬಿಡು. 'ಹೋಗ್ಲಿಲ್ಲ' ಎಂದವನ ಬಾಯಲ್ಲಿ 'ಹೋಗಲಿಲ್ಲ' ಇಟ್ಟರೆ ಆ ಮನುಷ್ಯ ಪುಟದಿಂದ ಎದ್ದು ಹೋಗುತ್ತಾನೆ.

ಈಗ ಅಕ್ಕರೆಯ ಕಷ್ಟದ ಮಗ್ಗುಲು. ಟಾಲ್‌ಸ್ಟಾಯ್ ಸುತ್ತ ಇದ್ದವರೆಲ್ಲ ಅವರ ಡೈರಿಯನ್ನು ಓದುತ್ತ, ನಕಲು ಮಾಡುತ್ತ ಇದ್ದಾಗ, ಆ ಮುದುಕ 1910ರಲ್ಲಿ ತನಗೊಬ್ಬನಿಗೇ ಎಂದು ಗುಟ್ಟಿನ ಇನ್ನೊಂದು ಡೈರಿ ತೆರೆಯಬೇಕಾಯಿತು. ಓದುಗರು ಬಂದ ಕೂಡಲೇ ಡೈರಿ ಸಭೆಯಾಗುತ್ತದೆ. ಕೇಳುಗರು ಮೆಚ್ಚಿದ ದಿನದ ಧಾಟಿಯೇ ಮರುದಿನವೂ ಬಾಯಿಗೆ ಬರುತ್ತದೆ, ಮೂರು ತಿಂಗಳಲ್ಲಿ ನೀನು ನಿನ್ನನ್ನೇ ಅನುಕರಿಸುತ್ತಿರುತ್ತೀಯ. ಕೇಳುಗರಿಗೆ ಅದು ನಿನಗಿಂತ ಮುಂಚೆ ಗೊತ್ತಾಗುತ್ತದೆ. ಆದ್ದರಿಂದ ರೆಕಾರ್ಡ್ ಮಾಡಿದ್ದನ್ನು ಕನಿಷ್ಠ ಒಂದು ವರ್ಷ ಯಾರಿಗೂ ಕೇಳಿಸಬೇಡ. ಓದುಗರ ಪತ್ರ ಓದಿದ ಗಳಿಗೆಯಲ್ಲೇ ಮೈಕ್ ಮುಂದೆ ಕೂರಬೇಡ. ಪತ್ರಗಳಿಗೆ ಪತ್ರದಲ್ಲೇ ಉತ್ತರ ಕೊಡು, ಡೈರಿಯಲ್ಲಿ ಬೇಡ.

ಓದುಗರನ್ನು ಮನಸ್ಸಿನಲ್ಲಿಟ್ಟು ತಿದ್ದುವುದು ಪಾಪವೇನಲ್ಲ. ಯುದ್ಧಕಾಲದ ಡೈರಿಗಳನ್ನು ಸಂಗ್ರಹಿಸಲಾಗುವುದೆಂದು 1944ರ ಮಾರ್ಚಿನಲ್ಲಿ ರೇಡಿಯೋದಲ್ಲಿ ಕೇಳಿದ ಆನ್ ಫ್ರಾಂಕ್, ನಾಜಿಗಳಿಂದ ಅಡಗಿ ಕೂತಿದ್ದ ಯಹೂದಿ ಹುಡುಗಿ, ತನ್ನ ಡೈರಿಯನ್ನು ಬಿಡಿ ಹಾಳೆಗಳಲ್ಲಿ ಮತ್ತೆ ಬರೆಯತೊಡಗಿದಳು, ಬಹಳ ಸೊಗಸಾಗಿ ಬರೆದಳು. ಮೂಲ ಪುಸ್ತಕವನ್ನು ಹರಿಯಲಿಲ್ಲ. ನೀನೂ ಹಾಗೆಯೇ ಮಾಡು.

ಓದುಗರಿಗೆ ನಿನ್ನ ಮೇಲಿರುವ ಪ್ರೀತಿ ನಿನ್ನ ಮನೆಯವರ ಮೇಲೂ ಹರಿಯುತ್ತದೆ. ಅವರು ಇದನ್ನು ಬೇಡಿಲ್ಲ. ಪ್ರಕಟಿಸುವ ಪ್ರತಿಯಲ್ಲಿ ಕಾಯಿಲೆ, ಹಣ, ಮಕ್ಕಳು, ಜಗಳ ಈ ನಾಲ್ಕು ಬಂದ ಕಡೆಯೆಲ್ಲ ನಿಂತು, ಸಂಬಂಧಪಟ್ಟವರಿಗೆ ಆ ಭಾಗವನ್ನು ಕೇಳಿಸಿ, ಅವರ ಮಾತಿನಂತೆ ನಡೆ. ಬಿಟ್ಟ ಕಡೆ ಚುಕ್ಕಿ ಹಾಕು, ಗುಟ್ಟಾಗಿ ಹೊಲಿಯಬೇಡ. ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ತೀರಿದ ಮೇಲೆ ಪತಿ ಲೆನಾರ್ಡ್ 1953ರಲ್ಲಿ ಹೊರತಂದ ಆಯ್ದ ಡೈರಿಯಲ್ಲಿ ಇದ್ದದ್ದು ಮುಖ್ಯವಾಗಿ ಬರವಣಿಗೆಗೆ ಸಂಬಂಧಿಸಿದ ಭಾಗಗಳು, ಅದನ್ನು ಅವರು ಮುನ್ನುಡಿಯಲ್ಲೇ ಹೇಳಿದ್ದರು. ಐದು ಸಂಪುಟಗಳಲ್ಲಿ ಡೈರಿ ಬಂದದ್ದು 1977ರಿಂದ 1984ರ ನಡುವೆ. ಮೊದಲೇ ತಿಳಿಸಿ ಕೈಬಿಟ್ಟದ್ದನ್ನು ಓದುಗರು ಮನ್ನಿಸಿ ಕಾಯುತ್ತಾರೆ.

ಕೊನೆಯದಾಗಿ ಬೀಗದ ಕೈ. ಪೀಪ್ಸ್ ಬರೆದದ್ದು ಶೀಘ್ರಲಿಪಿಯಲ್ಲಿ. ಜಾನ್ ಸ್ಮಿತ್ ಎಂಬ ವಿದ್ಯಾರ್ಥಿ 1819ರಿಂದ 1822ರವರೆಗೆ ಕೂತು ಅದನ್ನು ಒಡೆದು ಓದಿದ. ಆ ಲಿಪಿಯ ಕೈಪಿಡಿ ಡೈರಿ ಇದ್ದ ಗ್ರಂಥಾಲಯದ ಕಪಾಟಿನಲ್ಲೇ ಇತ್ತು, ಅವನಿಗೆ ಯಾರೂ ಹೇಳಿರಲಿಲ್ಲ. ನಿನ್ನ ಕಾಲದ ಶೀಘ್ರಲಿಪಿ ಪಾಸ್‌ವರ್ಡ್. ಒಂದು ಹಾಳೆಯಲ್ಲಿ ಕೈಯಾರೆ ಬರೆದಿಡು: ಫೈಲುಗಳು ಎಲ್ಲಿವೆ, ತೆರೆಯುವುದು ಹೇಗೆ, ಸಂಕ್ಷಿಪ್ತ ಹೆಸರುಗಳು ಯಾರವು, ನಿನ್ನ ನಂತರ ತೀರ್ಮಾನ ಯಾರದು, ಎಷ್ಟು ವರ್ಷ ಮುಚ್ಚಿಡಬೇಕು, ಯಾವುದನ್ನು ಅಳಿಸಬೇಕು. ಅಳಿಸಲೇಬೇಕಾದದ್ದು ಇದ್ದರೆ ನೀನೇ ಅಳಿಸು. ತನ್ನ ಬರಹ ಎಲ್ಲವನ್ನೂ ಸುಟ್ಟುಬಿಡು ಎಂದು ಕಾದಂಬರಿಕಾರ ಕಾಫ್ಕಾ ತನ್ನ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದ, ಬ್ರಾಡ್ ಸುಡಲಿಲ್ಲ. ಪ್ರೀತಿಸುವವರ ಕೈಲಿ ಅದು ಆಗದ ಕೆಲಸ.

ಮೊದಲ ಹತ್ತು ದಿನದ ರೆಕಾರ್ಡಿಂಗ್ ಆದ ಮೇಲೆ ನನಗೆ ಬರೆ. ಧ್ವನಿ ಕಳಿಸಬೇಡ, ಅದು ನಿನ್ನದೇ ಆಗಿರಲಿ. ಬರಹಕ್ಕಿಳಿಸಿದ ಯಾವುದಾದರೂ ಒಂದು ದಿನವನ್ನು ಚೌಕ ಕಂಸಗಳ ಸಮೇತ, ತಿದ್ದದೆ ಕಳಿಸು.

ಇತಿ ವಿಶ್ವಾಸದ,
ನಿನ್ನ ಅಣ್ಣ