ಬೇಕಲ ಕೋಟೆಗೂ ಸಂಜೆ ಗೇಟು ಹಾಕ್ತಾರೆ

ಮಾನ್ಯ ಸಂಪಾದಕರೇ,

ಆದಿತ್ಯವಾರದ ಪುರವಣಿಯಲ್ಲಿ ದೇಶದ ಟಾಪ್ ದೆವ್ವದ ಜಾಗಗಳು ಅಂತ ಬಂದದ್ದು ಓದಿದೆ. ಯಾವಾಗ್ಲೂ ಅದೇ ಲಿಸ್ಟ್ ಮಾರಾಯ್ರೇ, ರಾಜಸ್ಥಾನದ ಭಾನ್‌ಗಢ, ಕುಲಧರಾ, ಸೂರತ್ ಹತ್ರದ ಡುಮಾಸ್ ಬೀಚು, ವಾಟ್ಸಾಪಲ್ಲಿ ತಿರುಗಿ ತಿರುಗಿ ಸವೆದದ್ದನ್ನೇ ನೀವೂ ಹಾಕಿದ್ದೀರಿ.

ಭಾನ್‌ಗಢದ ಮಂತ್ರವಾದಿ ರಾಜಕುಮಾರಿ ರತ್ನಾವತಿಯನ್ನ ವಶ ಮಾಡ್ಲಿಕ್ಕೆ ಅತ್ತರಿಗೆ ಮಂತ್ರ ಹಾಕಿದ್ದು, ಅವಳು ಅದನ್ನ ಬಂಡೆ ಮೇಲೆ ಚೆಲ್ಲಿದ್ದು, ಬಂಡೆ ಉರುಳಿ ಅವನನ್ನೇ ಜಜ್ಜಿದ್ದು, ಕತೆ ಚಂದ ಉಂಟು, ಇಲ್ಲ ಅಂತಲ್ಲ. ಆದ್ರೆ ದೆವ್ವ ಇದೆ ಅಂತ ಸರಕಾರವೇ ಬೋರ್ಡ್ ಹಾಕಿದೆ ಅಂತ ಬರೆದದ್ದು ಸರಿಯಲ್ಲ. ಪುರಾತತ್ವ ಇಲಾಖೆಯ ಆ ಬೋರ್ಡಲ್ಲಿ ಇರೋದು ಸೂರ್ಯ ಮುಳುಗಿದ ಮೇಲೆ ಒಳಗೆ ಹೋಗ್ಬಾರ್ದು ಅಂತ, ದೆವ್ವದ ಸುದ್ದಿಯೇ ಇಲ್ಲ. ಶಿವಪ್ಪ ನಾಯಕ ಕಟ್ಟಿಸಿದ ನಮ್ಮ ಕಾಸರಗೋಡಿನ ಬೇಕಲ ಕೋಟೆಯೂ ಅದೇ ಇಲಾಖೆದ್ದೇ, ಅಲ್ಲೂ ಸಂಜೆ ಎಲ್ರನ್ನೂ ಹೊರಗೆ ಕಳಿಸಿ ಗೇಟು ಹಾಕ್ತಾರೆ, ಹಾಗಂತ ಒಳಗೆ ಶಿವಪ್ಪ ನಾಯಕನ ದೆವ್ವ ವಾಕಿಂಗ್ ಮಾಡ್ತದಾ?

ಕತೆಯೇ ಬೇಕಾದ್ರೆ ಈಚೆ ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಬನ್ನಿ. ಪಾಲೆ ಮರ ಹೂ ಬಿಟ್ರೆ ರಾತ್ರಿ ಪರಿಮಳ ತಲೆಗೆ ಹೊಡೀತದೆ, ಅದರಲ್ಲಿ ಯಕ್ಷಿ ಕೂತಿರ್ತಾಳೆ, ದಾರೀಲಿ ಹೋಗೋರ ಹತ್ರ ಎಲೆಗೆ ಸುಣ್ಣ ಕೇಳ್ತಾಳೆ, ಕೈಯಲ್ಲಿ ಕೊಟ್ಟನೋ ಅವನ ಕತೆ ಮುಗೀತು, ಕತ್ತಿ ತುದಿಯಲ್ಲೇ ಕೊಡ್ಬೇಕು, ಕಬ್ಬಿಣಕ್ಕೆ ಹೆದರ್ತಾಳೆ ಅಂತ ಅಜ್ಜಿಯಂದಿರು ಹೇಳ್ತಿದ್ರು. ತಮಾಷೆ ಅಂದ್ರೆ ಆಟಿ (ತುಳುವಿನ ಆಷಾಢ) ಅಮಾವಾಸ್ಯೆಗೆ ಅದೇ ಮರದ ಕೆತ್ತೆ, ಅಂದ್ರೆ ತೊಗಟೆಯ ಕಷಾಯ ಕುಡೀತೇವೆ, ಬೆಳಕು ಹರಿಯೋ ಮುಂಚೆ ಹೋಗಿ ಕತ್ತಿ ಮುಟ್ಟಿಸದೆ ಕಲ್ಲಲ್ಲೇ ಜಜ್ಜಿ ತೆಗೀಬೇಕು. ಆ ಕತ್ತಲಲ್ಲಿ ಯಕ್ಷಿಗಿಂತ ಹೆದರಿಕೆ ಕಾಸರಕ ಅನ್ನೋ ವಿಷದ ಮರದ್ದು, ಮರ ತಪ್ಪಿ ಅದರ ಕೆತ್ತೆ ತಂದ್ರೆ ವಿಷವೇ.

ಮತ್ತೆ ಕುಲೆ ಮದುವೆ, ಅಂದ್ರೆ ಸತ್ತವರ ಆತ್ಮಗಳ ಮದುವೆ! ಮದುವೆ ಆಗದೆ ತೀರಿಕೊಂಡವರಿಗೆ ಅವರ ಹಾಗೇ ತೀರಿಹೋದವರನ್ನ ಹುಡುಕಿ, ಜಾತಿ, ಬರಿ (ಗೋತ್ರದ ಹಾಗೆ) ಎಲ್ಲ ನೋಡಿ, ಧಾರೆ ಸೀರೆ ಇಟ್ಟು ಆಟಿಯಲ್ಲಿ ಮದುವೆ ಮಾಡ್ತಾರಲ್ಲ, 2024ರಲ್ಲಿ ಪುತ್ತೂರು ಕಡೆಯ ಮನೆಯವರು ಸುಮಾರು 30 ವರ್ಷ ಹಿಂದೆ ತೀರಿಹೋದ ಮಗಳಿಗೆ ಕುಲೆ ಗಂಡು ಬೇಕು ಅಂತ ಪೇಪರಲ್ಲೇ ಜಾಹೀರಾತು ಕೊಟ್ಟಿದ್ರು. ಅದು ಹೆದರಿಸೋ ವಿಷಯ ಅಲ್ಲವೇ ಅಲ್ಲ, ಸತ್ತ ಮಗಳಿಗೂ ಮನೆಯಲ್ಲಿ ಎಲೆ ಹಾಕಿ ಬಡಿಸ್ತಾರೆ. ಇಂಥದ್ದನ್ನ ಬಿಟ್ಟು ಡುಮಾಸ್ ಬೀಚು ಯಾಕೆ ನಮಗೆ?

ಊರೂರಿನ ಹಿರಿಯರನ್ನ ಮಾತಾಡಿಸಿ ವಾರಕ್ಕೊಂದು ಹಾಕಿ ಅಂತ ವಿನಂತಿ. ಮನೆ ಹೆಸರು, ಗುಡ್ಡೆ ದಾರಿ ಮಾತ್ರ ಹಾಕ್ಬೇಡಿ, ಮರುದಿನ ರಾತ್ರಿಯೇ ಯೂಟ್ಯೂಬಿನ ಮಕ್ಳು ಟಾರ್ಚ್ ಹಿಡ್ಕೊಂಡು ಬರ್ತಾರೆ.

– ಒಬ್ಬ ಓದುಗ, ಬದಿಯಡ್ಕ